ವಿಂಡೋಸ್ 10ರ ಬೆಂಬಲ ಮುಗಿಯಿತು: ಮನೆ ಕಂಪ್ಯೂಟರಿಗೆ ಲಿನಕ್ಸ್ ಹಾಕಬಹುದೇ?

(ಇದೊಂದು ಚರ್ಚೆ. ಪ್ರತಿ ಭಾಗದ ಮೇಲಿರುವುದು ಬರೆದವರ ಬಳಕೆದಾರ ಹೆಸರು.)

ಹಳೇಯಂತ್ರ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿದೆ. ವಿಂಡೋಸ್ 11ಕ್ಕೆ ಎಂಟನೇ ತಲೆಮಾರಿನ ಇಂಟೆಲ್ ಅಥವಾ ರೈಜನ್ 2000 ಸರಣಿಯ ಪ್ರೊಸೆಸರ್ ಬೇಕು, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಆರನೇ, ಏಳನೇ ತಲೆಮಾರಿನ ಐ3, ಐ5 ಲ್ಯಾಪ್‌ಟಾಪುಗಳು ಇನ್ನೂ ಗಟ್ಟಿಮುಟ್ಟಾಗಿದ್ದರೂ ಈ ಬಾಗಿಲಲ್ಲಿ ನಿಂತುಬಿಡುತ್ತವೆ.

ಪ್ರಶ್ನೆ ಸಾಮಾನ್ಯ ಬಳಕೆದಾರರ ಕುರಿತದ್ದು. ಬ್ರೌಸರ್, ಕನ್ನಡದಲ್ಲಿ ಪತ್ರ ಬರೆಯುವುದು, ಮಕ್ಕಳ ಪ್ರಾಜೆಕ್ಟ್, ಪ್ರಿಂಟ್, ಫೋಟೋ, ಇಷ್ಟೇ ಕೆಲಸ. ಏಳನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, ಹಳೆಯ ಹಾರ್ಡ್ ಡಿಸ್ಕ್, ಮೇಜಿನ ಮೇಲೆ ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್, ನುಡಿ ತಂತ್ರಾಂಶದಲ್ಲಿ ಬರೆದ ಒಂದಷ್ಟು ಕಡತಗಳು: ಕರ್ನಾಟಕದ ಎಷ್ಟೋ ಮನೆಗಳಲ್ಲಿ ಇರುವ ಜೋಡಣೆ ಇದು. ಇಂಥವರು ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಉಚಿತ ಕಾರ್ಯಾಚರಣೆ ವ್ಯವಸ್ಥೆಗೆ ಬರಬಹುದೇ? ಬಂದರೆ ಎಲ್ಲಿ ಎಡವುತ್ತಾರೆ? ಸಿದ್ಧಾಂತದ ಮಾತು ಬೇಡ, ಕೆಲಸದ ವಿವರ ಬೇಕು.

ಬೂಟ್_ಮೆನು

ಬರಬಹುದು. ಆದರೆ ಹಾರ್ಡ್ ಡಿಸ್ಕ್ ಹಾಗೇ ಉಳಿಸಿಕೊಂಡು ಅಲ್ಲ. ಯಂತ್ರ ನಿಧಾನವಾಗಿರುವುದಕ್ಕೆ ಜನ ವಿಂಡೋಸನ್ನು ಬೈಯುತ್ತಾರೆ, ಹತ್ತರಲ್ಲಿ ಎಂಟು ಸಲ ಕಾರಣ ತಿರುಗುವ ಡಿಸ್ಕ್. ಅದೇ ಡಿಸ್ಕಿಗೆ ಲಿನಕ್ಸ್ ಹಾಕಿದರೂ ಫೈರ್‌ಫಾಕ್ಸ್ ತೆರೆಯಲು ಕಾಯಲೇಬೇಕು. ಮೊದಲು 2.5 ಇಂಚಿನ 240 ಅಥವಾ 256 ಜಿಬಿ ಸಾಟಾ ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್) ಹಾಕಿಸಿ, ನಂತರ ರ‍್ಯಾಮನ್ನು 8 ಜಿಬಿಗೆ ಏರಿಸಿ. ಏಳನೇ ತಲೆಮಾರಿನ ಹೆಚ್ಚಿನ ಲ್ಯಾಪ್‌ಟಾಪುಗಳಲ್ಲಿ ಡಿಡಿಆರ್4 ರ‍್ಯಾಮ್ ಸಿಕ್ಕಿಸುವ ಸೋಡಿಮ್ ಸ್ಲಾಟ್ ಇರುತ್ತದೆ. ಕೆಲವದರಲ್ಲಿ ರ‍್ಯಾಮ್ ಮದರ್‌ಬೋರ್ಡಿಗೆ ಬೆಸೆದಿರುತ್ತದೆ, ಕೊಳ್ಳುವ ಮೊದಲು ಮಾಡೆಲ್ ಸಂಖ್ಯೆ ನೋಡಿ.

ಹಳೆಯ ಡಿಸ್ಕ್ ಬಿಸಾಡಬೇಡಿ. ವಿಂಡೋಸ್ ಸಮೇತ ಕವರಿನಲ್ಲಿ ಹಾಕಿ ಎತ್ತಿಡಿ. ಲಿನಕ್ಸ್ ಒಗ್ಗದಿದ್ದರೆ ಅದನ್ನೇ ಮತ್ತೆ ಸಿಕ್ಕಿಸಿದರೆ ಎಲ್ಲ ಇದ್ದ ಹಾಗೇ ಇರುತ್ತದೆ. ಒಂದೇ ಡಿಸ್ಕನ್ನು ಇಬ್ಭಾಗ ಮಾಡಿ ಎರಡು ವ್ಯವಸ್ಥೆ ಕೂರಿಸುವುದಕ್ಕಿಂತ ಹೊಸಬರಿಗೆ ಇದು ನೂರು ಪಾಲು ಕ್ಷೇಮ.

ಯಾವ ಲಿನಕ್ಸ್ ಎಂಬ ಚರ್ಚೆಯಲ್ಲಿ ವಾರ ಕಳೆಯುವುದು ಬೇಡ. ಲಿನಕ್ಸ್ ಮಿಂಟ್ 22ರ ಸರಣಿ ತೆಗೆದುಕೊಳ್ಳಿ. ಉಬುಂಟು ಎಂಬ ಇನ್ನೊಂದು ಲಿನಕ್ಸ್‌ನ 24.04 ಆವೃತ್ತಿಯ ತಳಹದಿ, 2029ರವರೆಗೆ ಭದ್ರತಾ ಅಪ್‌ಡೇಟ್. 8 ಜಿಬಿ ಇದ್ದರೆ ಸಿನಮನ್ ಆವೃತ್ತಿ, 4 ಜಿಬಿಯಲ್ಲೇ ಉಳಿಯುವುದಾದರೆ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 4 ಜಿಬಿಯಲ್ಲಿ ವ್ಯವಸ್ಥೆ ಹಗುರ ಇರಬಹುದು, ಬ್ರೌಸರ್ ಹಗುರ ಆಗುವುದಿಲ್ಲ. ಯೂಟ್ಯೂಬ್ ಜೊತೆ ಏಳೆಂಟು ಟ್ಯಾಬ್ ತೆರೆದರೆ ಯಾವ ಲಿನಕ್ಸ್ ಆದರೂ ಸ್ವಾಪ್‌ಗೆ (ರ‍್ಯಾಮ್ ಸಾಲದೆ ಡಿಸ್ಕ್ ಬಳಸುವ ನಿಧಾನ ಸ್ಥಿತಿಗೆ) ಇಳಿಯುತ್ತದೆ.

ಲೆಕ್ಕಪತ್ರ

ಒಂದು ತಡೆ. "ಸಾಮಾನ್ಯ ಬಳಕೆದಾರ" ಎಂದಾಗ ಅಂಗಡಿ ಇಟ್ಟುಕೊಂಡವರು, ತೆರಿಗೆ ಸಲಹೆಗಾರರ ಹತ್ತಿರ ಕೆಲಸ ಮಾಡುವವರು, ಗುತ್ತಿಗೆದಾರರು ಎಲ್ಲ ಸೇರುತ್ತಾರೆ. ಅವರಿಗೆ ನನ್ನ ಉತ್ತರ ಬೇರೆ.

ಟ್ಯಾಲಿ ಪ್ರೈಮ್ ವಿಂಡೋಸ್ ತಂತ್ರಾಂಶ. ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸ್‌ನಲ್ಲಿ ನಡೆಸುವ ವೈನ್ ಮೇಲೆ ಅದನ್ನು ಓಡಿಸುವ ಪ್ರಯೋಗಗಳಿವೆ, ಆದರೆ ಲೈಸೆನ್ಸ್, ಪ್ರಿಂಟ್, ಡೇಟಾ ಮೂರನ್ನೂ ಪ್ರಯೋಗಕ್ಕೆ ಒಡ್ಡುವುದು ಸರಿಯಲ್ಲ. ಎರಡನೆಯದು ಡಿಜಿಟಲ್ ಸಹಿಯ ಟೋಕನ್. ಇಪಾಸ್ 2003, ಪ್ರಾಕ್ಸ್‌ಕೀ ಮುಂತಾದ ಯುಎಸ್‌ಬಿ ಟೋಕನ್‌ಗಳಿಗೆ ಲಿನಕ್ಸ್ ಡ್ರೈವರ್ ಇದೆ ಎಂದು ಯಾರಾದರೂ ಹೇಳಿದರೆ ಅದು ಮೂರನೇ ಒಂದು ಭಾಗದ ಉತ್ತರ ಮಾತ್ರ. ಸಹಿ ನಡೆಯಬೇಕಾದರೆ ಟೋಕನ್ನಿನ ಡ್ರೈವರ್ ಬೇಕು, ಆ ಜಾಲತಾಣ ಕೊಡುವ ಸಹಿ ಮಾಡುವ ಪುಟ್ಟ ತಂತ್ರಾಂಶ ಲಿನಕ್ಸ್‌ನಲ್ಲಿ ಓಡಬೇಕು, ಬ್ರೌಸರ್ ಅದರೊಂದಿಗೆ ಮಾತಾಡಲು ಅದರ ಸ್ಥಳೀಯ ಪ್ರಮಾಣಪತ್ರವನ್ನು ನಂಬಬೇಕು. ಒಂದು ಕೊಂಡಿ ತಪ್ಪಿದರೂ "ಟೋಕನ್ ಸಿಗಲಿಲ್ಲ" ಎಂದೇ ತೋರಿಸುತ್ತದೆ, ಯಾವ ಕೊಂಡಿ ಎಂದು ಹೇಳುವುದಿಲ್ಲ. ರಿಟರ್ನ್ ತುಂಬುವ ಕೊನೆಯ ದಿನ ಅದನ್ನು ಹುಡುಕುತ್ತ ಕೂರುವಂತಾಗಬಾರದು.

ಬೆರಳ ಗುರುತು ಓದುವ ಯಂತ್ರ ಇಟ್ಟುಕೊಂಡು ಆಧಾರ್ ದೃಢೀಕರಣ ಮಾಡುವ ಸೇವಾ ಕೇಂದ್ರಗಳಿಗೂ ಇದೇ ಮಾತು. ಆ ಯಂತ್ರಗಳನ್ನು ನಡೆಸುವ ಆರ್‌ಡಿ ಸರ್ವಿಸ್ ಎಂಬ ತಂತ್ರಾಂಶ ವಿಂಡೋಸ್, ಆಂಡ್ರಾಯ್ಡ್‌ಗಳನ್ನು ಗುರಿಯಾಗಿಟ್ಟೇ ಬರುತ್ತದೆ.

ಆದಾಯ ತೆರಿಗೆಯ ಇ-ವೆರಿಫಿಕೇಶನ್ ಆಧಾರ್ ಒಟಿಪಿಯಲ್ಲಿ ಮುಗಿಸುವವರಿಗೆ, ನೆಟ್ ಬ್ಯಾಂಕಿಂಗ್ ಮಾಡುವವರಿಗೆ, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವವರಿಗೆ ಬ್ರೌಸರ್ ಸಾಕು. ಅವರಿಗೆ ನನ್ನ ಆಕ್ಷೇಪ ಇಲ್ಲ.

ಬೂಟ್_ಮೆನು

ಒಪ್ಪುತ್ತೇನೆ, ಒಂದು ಸೇರ್ಪಡೆಯೊಂದಿಗೆ. ವಿಂಡೋಸ್ ಬೇಕೇ ಬೇಕಾದ ಕೆಲಸ ತಿಂಗಳಿಗೆ ಒಂದೆರಡು ಸಲ ಮಾತ್ರ ಇದ್ದರೆ ಲಿನಕ್ಸ್ ಒಳಗೇ ವರ್ಚುವಲ್‌ಬಾಕ್ಸ್ (ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ತಂತ್ರಾಂಶ) ಹಾಕಿ ಅದರಲ್ಲಿ ವಿಂಡೋಸ್ ಇಟ್ಟುಕೊಳ್ಳಬಹುದು. ಅದಕ್ಕೆ 4 ಜಿಬಿ ರ‍್ಯಾಮ್ ಬಿಟ್ಟುಕೊಡಬೇಕು, ಹಾಗಾಗಿ ಯಂತ್ರದಲ್ಲಿ ಒಟ್ಟು 8 ಜಿಬಿ ಕಡ್ಡಾಯ. ಆ ವಿಂಡೋಸ್‌ಗೂ ಲೈಸೆನ್ಸ್ ಬೇಕು. ಟೋಕನ್ ಒಳಗೆ ಕಾಣದಿದ್ದರೆ ಮೊದಲ ಶಂಕೆ ಗುಂಪಿನ ಅನುಮತಿ ಮೇಲೆ: ನಿಮ್ಮ ಖಾತೆಯನ್ನು ವಿಬಾಕ್ಸ್‌ಯೂಸರ್ಸ್ (vboxusers) ಗುಂಪಿಗೆ ಸೇರಿಸಿ, ಲಾಗೌಟ್ ಆಗಿ ಮತ್ತೆ ಬನ್ನಿ. ಲಾಗೌಟ್ ಮಾಡದೆ ಅದು ಜಾರಿಗೆ ಬರುವುದಿಲ್ಲ, ಬಹಳ ಮಂದಿ ಇಲ್ಲೇ ಸೋತು ಬಿಟ್ಟುಬಿಡುತ್ತಾರೆ.

ಕೀಲಿಮಣೆ

ಕನ್ನಡದ ವಿಷಯಕ್ಕೆ ಬರೋಣ, ಹೊಸಬರು ವಾಪಸು ಹೋಗುವುದು ಹೆಚ್ಚಾಗಿ ಇಲ್ಲಿಂದಲೇ.

ಮಿಂಟ್‌ನಲ್ಲಿ ಸಿಸ್ಟಂ ಸೆಟ್ಟಿಂಗ್ಸ್, ಕೀಬೋರ್ಡ್, ಲೇಔಟ್ಸ್‌ಗೆ ಹೋಗಿ ಕೂಡು ಗುರುತು ಒತ್ತಿದರೆ ಕನ್ನಡ, ಕನ್ನಡ ಕಗಪ ಫೊನೆಟಿಕ್ ಎಂಬ ಎರಡು ಆಯ್ಕೆ ಕಾಣುತ್ತವೆ. ಮೊದಲನೆಯದು ಭಾರತೀಯ ಭಾಷೆಗಳಿಗೆ ಸಾಮಾನ್ಯವಾದ ಇನ್‌ಸ್ಕ್ರಿಪ್ಟ್ ಮಾದರಿಯದು. ನುಡಿಯಲ್ಲಿ ಕೈ ಕೂತವರು ಎರಡನೆಯದನ್ನು ಆರಿಸಿ, ಅರ್ಧ ಗಂಟೆಯಲ್ಲಿ ಸಿಟ್ಟಾಗುತ್ತಾರೆ. ಕಾರಣ ಇದು: ಈ ಲೇಔಟ್ ಒಂದು ಕೀಲಿಗೆ ಒಂದು ಅಕ್ಷರ ಕೊಡುವ ಸರಳ ನಕ್ಷೆ. ವ್ಯಂಜನದ ನಂತರ ಐ ಕೀಲಿ ಒತ್ತಿದರೆ ಗುಣಿತ ಸರಿಯಾಗಿ ಬರುತ್ತದೆ. ಪದದ ಮೊದಲಿಗೆ "ಇ" ಬೇಕಿದ್ದರೆ ಬಲಗಡೆಯ ಆಲ್ಟ್ ಹಿಡಿದು ಒತ್ತಬೇಕು. ನುಡಿಯಲ್ಲಿ ಇದನ್ನು ತಂತ್ರಾಂಶವೇ ಸಂದರ್ಭ ನೋಡಿ ನಿರ್ಧರಿಸುತ್ತದೆ.

ನುಡಿಯ ಹಾಗೆಯೇ ಬೇಕಿದ್ದರೆ ದಾರಿ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್-ಎಂ17ಎನ್ (ibus-m17n) ಪ್ಯಾಕೇಜ್ ಹಾಕಿ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ. ಲಾಗೌಟ್ ಆಗಿ ಬಂದ ಮೇಲೆ ಐಬಸ್ ಪ್ರಿಫರೆನ್ಸಸ್‌ನಲ್ಲಿ ಕನ್ನಡ, ಕೆಜಿಪಿ (ಕಗಪ) ಸೇರಿಸಿ. ಅದರ ಜೊತೆಗೆ ಐಟ್ರಾನ್ಸ್, ಇನ್‌ಸ್ಕ್ರಿಪ್ಟ್ ಕೂಡ ಸಿಗುತ್ತವೆ. ಬರಹ ತಂತ್ರಾಂಶದಲ್ಲಿ ರೂಢಿಯಾದವರಿಗೆ ಐಟ್ರಾನ್ಸ್ ಹತ್ತಿರದ್ದು, ಪೂರ್ತಿ ಒಂದೇ ಅಲ್ಲ. ಸೂಪರ್ ಕೀಲಿ (ವಿಂಡೋಸ್ ಗುರುತಿನದು), ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ಎಫ್ ಒತ್ತಿದರೆ ಒತ್ತಕ್ಷರ, ನುಡಿಯಂತೆಯೇ.

ಒಂದೇ ಎಚ್ಚರಿಕೆ: ಕೀಬೋರ್ಡ್ ಲೇಔಟಿನಲ್ಲಿ ಹಾಕಿದ ಕನ್ನಡವನ್ನು ತೆಗೆದುಬಿಡಿ. ಎರಡೂ ಇದ್ದರೆ ಒಂದರ ಮೇಲೊಂದು ಕೂತು ಅಕ್ಷರ ಅಸ್ತವ್ಯಸ್ತ ಆಗುತ್ತದೆ. ಐಬಸ್ ಬಳಸುವಾಗ ಕೆಳಗಿನ ಲೇಔಟ್ ಇಂಗ್ಲಿಷ್ ಒಂದೇ ಇರಬೇಕು.

ಅಕ್ಷರರೂಪಗಳಿಗೆ ಫಾಂಟ್ಸ್-ಕೆಎನ್‌ಡಿಎ (fonts-knda) ಎಂಬ ಪ್ಯಾಕೇಜ್ ಇದೆ. ಗುಬ್ಬಿ, ನವಿಲು, ಲೋಹಿತ್ ಕನ್ನಡ ಮೂರೂ ಅದರೊಂದಿಗೆ ಬರುತ್ತವೆ. ಪರದೆಯಲ್ಲಿ ಓದಲು ನೋಟೋ ಸಾನ್ಸ್ ಕನ್ನಡ, ಅಚ್ಚಿಗೆ ನೋಟೋ ಸೆರಿಫ್ ಕನ್ನಡ ಚೆನ್ನಾಗಿವೆ.

ಹಳೇಯಂತ್ರ

ಹಳೆಯ ನುಡಿ ಕಡತಗಳ ಗತಿ ಏನು? "ನುಡಿ 01 ಇ" ಫಾಂಟಿನಲ್ಲಿ ಬರೆದ ವರ್ಡ್ ಕಡತಗಳು.

ಕೀಲಿಮಣೆ

ಓದಲು ಕಷ್ಟವಿಲ್ಲ. ಅವು ಎಲ್ಲ ಯಂತ್ರಗಳೂ ಓದುವ ಯುನಿಕೋಡ್ ಅಲ್ಲ, ಒಳಗಿರುವುದು ರೋಮನ್ ಸಂಕೇತಗಳು, ಫಾಂಟ್ ಅವುಗಳಿಗೆ ಕನ್ನಡದ ರೂಪ ಕೊಡುತ್ತದೆ ಅಷ್ಟೇ. ವಿಂಡೋಸಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್ ಕಡತಗಳನ್ನು ಪೆನ್‌ಡ್ರೈವಿಗೆ ತೆಗೆದಿಟ್ಟುಕೊಳ್ಳಿ, ಲಿನಕ್ಸ್‌ನಲ್ಲಿ ಅದರ ಮೇಲೆ ಎರಡು ಸಲ ಕ್ಲಿಕ್ ಮಾಡಿ ಇನ್‌ಸ್ಟಾಲ್ ಒತ್ತಿ. ವರ್ಡ್, ಎಕ್ಸೆಲ್‌ಗಳ ಬದಲಿಗೆ ಬಳಸುವ ಲಿಬ್ರೆಆಫೀಸ್ ಕಡತವನ್ನು ಸರಿಯಾಗಿ ತೋರಿಸುತ್ತದೆ, ಪ್ರಿಂಟೂ ಬರುತ್ತದೆ.

ಹೊಸದಾಗಿ ಅದರಲ್ಲಿ ಬರೆಯುವುದು ಆಗದು, ನುಡಿಯ ಕೀಲಿಮಣೆ ಎಂಜಿನ್ ವಿಂಡೋಸಿನದು. ಆದ್ದರಿಂದ ವಿಂಡೋಸ್ ಬಿಡುವ ಮೊದಲೇ, ನುಡಿ ಇನ್ನೂ ಓಡುತ್ತಿರುವಾಗ, ಮುಖ್ಯ ಕಡತಗಳನ್ನು ಯುನಿಕೋಡಿಗೆ ಪರಿವರ್ತಿಸಿ. ಇಂಗ್ಲಿಷ್ ಬೆರೆತ ಕಡತಗಳಲ್ಲಿ ಪರಿವರ್ತಕ ಇಂಗ್ಲಿಷ್ ಪದಗಳನ್ನೂ ಕನ್ನಡ ಎಂದು ತಿಳಿದು ಕೆಡಿಸುತ್ತದೆ. ಹೆಸರು, ಸರ್ವೇ ನಂಬರು, ಮೊತ್ತ ಇರುವ ಪತ್ರಗಳನ್ನು ಸಾಲು ಸಾಲಾಗಿ ಮೂಲದೊಂದಿಗೆ ಹೋಲಿಸಿ ನೋಡಲೇಬೇಕು. ಮೂಲ ಕಡತ ಅಳಿಸಬೇಡಿ.

ಮುದ್ರಣಾಲಯ

ಪ್ರೆಸ್ ಕೆಲಸದವರಿಗೆ ನೇರವಾಗಿ ಹೇಳುತ್ತೇನೆ: ಪೇಜ್‌ಮೇಕರ್, ಕೋರೆಲ್‌ಡ್ರಾ, ಶ್ರೀಲಿಪಿ ಮೇಲೆ ನಿಂತ ಕೆಲಸ ಇದ್ದರೆ ಬರಬೇಡಿ. ಆ ತಂತ್ರಾಂಶಗಳು ಅಲ್ಲಿಲ್ಲ, ನಿಮ್ಮ ಕಡತಗಳೂ ಗ್ರಾಹಕರು ತರುವ ಕಡತಗಳೂ ಅಲ್ಲಿ ಇದ್ದ ಹಾಗೇ ತೆರೆಯುತ್ತವೆ ಎಂದು ನಂಬುವಂತಿಲ್ಲ.

ಹೊಸದಾಗಿ ಯುನಿಕೋಡಿನಲ್ಲೇ ಪುಸ್ತಕ ಕಟ್ಟುವವರಿಗೆ ಮಾತ್ರ ದಾರಿ ಇದೆ. ಪುಟ ಕಟ್ಟುವ ತಂತ್ರಾಂಶ ಸ್ಕ್ರೈಬಸ್ 1.4ರ ಕಾಲದಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. 1.5.3ರಿಂದ ಅಕ್ಷರ ಜೋಡಿಸುವ ಹಾರ್ಫ್‌ಬಜ್ ಬಂದು ಆ ತೊಂದರೆ ಹೋಯಿತು, 2024ರ ಜನವರಿಯಲ್ಲಿ ಸ್ಥಿರವಾದ 1.6 ಬಂದಿದೆ. ಲಗ್ನಪತ್ರಿಕೆ, ಭಿತ್ತಿಪತ್ರಕ್ಕೆ ಚಿತ್ರವಿನ್ಯಾಸದ ಇಂಕ್‌ಸ್ಕೇಪ್ ತಂತ್ರಾಂಶ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಆದರೆ ಅಚ್ಚಿಗೆ ಬೇಕಾದ ಸಿಎಂವೈಕೆ ಬಣ್ಣಕ್ಕೆ ಅದನ್ನು ಸ್ಕ್ರೈಬಸಿಗೆ ತಂದು ಅಲ್ಲಿಂದ ಪಿಡಿಎಫ್ ಮಾಡಬೇಕು.

ಮನೆ ಬಳಕೆದಾರರನ್ನು ಕಾಡುವ ಪುಟ್ಟ ಸಂಗತಿ ಇನ್ನೊಂದಿದೆ. ವರ್ಡ್‌ನಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಬಳಸಿ ಬರೆದ ಕನ್ನಡ ಕಡತ ಲಿಬ್ರೆಆಫೀಸಿನಲ್ಲಿ ತೆರೆದಾಗ ಎರಡು ಪುಟದ್ದು ಮೂರು ಪುಟ ಆಗಬಹುದು. ಆ ಫಾಂಟ್ ಇಲ್ಲದ್ದರಿಂದ ನೋಟೋ ಬಂದು ಕೂರುತ್ತದೆ, ಅದರ ಸಾಲಿನ ಎತ್ತರ ಬೇರೆ. ಇಂಗ್ಲಿಷಿಗೆ ಈ ತೊಂದರೆ ಕಡಿಮೆ: ಟೈಮ್ಸ್ ನ್ಯೂ ರೋಮನ್ ಬದಲಿಗೆ ಲಿಬರೇಶನ್ ಸೆರಿಫ್, ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೋ ಅದೇ ಅಳತೆಯಲ್ಲಿ ಸಿದ್ಧವಾಗಿವೆ. ಕನ್ನಡಕ್ಕೆ ಅಂಥ ಜೋಡಿ ಇಲ್ಲ. ಬೇರೆಯವರಿಗೆ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸಿ.

ಇನ್ನು, ಲಿಬ್ರೆಆಫೀಸ್ ಕನ್ನಡದ ಫಾಂಟನ್ನೂ ಇಂಗ್ಲಿಷಿನ ಫಾಂಟನ್ನೂ ಪ್ರತ್ಯೇಕ ಇಟ್ಟುಕೊಳ್ಳುತ್ತದೆ. ಟೂಲ್ಸ್, ಆಪ್ಷನ್ಸ್, ಲ್ಯಾಂಗ್ವೇಜಸ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಆನ್ ಮಾಡಿ ಕನ್ನಡ ಆರಿಸಿ. ನಂತರ ರೈಟರ್ ವಿಭಾಗದ ಬೇಸಿಕ್ ಫಾಂಟ್ಸ್ ಸಿಟಿಎಲ್‌ನಲ್ಲಿ ಫಾಂಟ್, ಗಾತ್ರ ಇಡಿ. ಇದನ್ನು ಮಾಡದೆ "ಪ್ರತಿ ಕಡತದಲ್ಲೂ ಫಾಂಟ್ ತಾನೇ ಬದಲಾಗುತ್ತದೆ" ಎಂದು ದೂರುವವರೇ ಹೆಚ್ಚು.

ಶಾಲಾಲ್ಯಾಬ್

ಮಕ್ಕಳ ವಿಷಯ. ಕೇರಳದ ಸರ್ಕಾರಿ, ಅನುದಾನಿತ ಶಾಲೆಗಳಲ್ಲಿ ಅಲ್ಲಿನ ಶಾಲಾ ತಂತ್ರಜ್ಞಾನದ ಕೈಟ್ ಸಂಸ್ಥೆ ಉಬುಂಟು ಆಧಾರಿತ ಲಿನಕ್ಸನ್ನೇ ಬಳಸಿಸುತ್ತಿದೆ. ಅದು ನಡೆದದ್ದಕ್ಕೆ ಕಾರಣ ಲಿನಕ್ಸ್ ಸುಲಭ ಎಂಬುದಲ್ಲ. ಐಸಿಟಿ ಪಠ್ಯಪುಸ್ತಕಗಳನ್ನೇ ಆ ತಂತ್ರಾಂಶಗಳನ್ನು ಮುಂದಿಟ್ಟುಕೊಂಡು ಬರೆದರು, ಶಿಕ್ಷಕರಿಗೆ ತರಬೇತಿ ಕೊಟ್ಟರು. ನಮ್ಮಲ್ಲಿ ಶಾಲೆ ಎಕ್ಸೆಲ್, ಪವರ್‌ಪಾಯಿಂಟ್ ಹೆಸರು ಹಿಡಿದೇ ಕಲಿಸುತ್ತದೆ. ಹತ್ತನೇ ತರಗತಿವರೆಗಿನ ಅಭ್ಯಾಸಕ್ಕೆ ಲಿಬ್ರೆಆಫೀಸ್ ಸಾಕಾದರೂ ಮೆನು ಬೇರೆ ಜಾಗದಲ್ಲಿರುತ್ತದೆ, ಮಗುವಿನ ಜೊತೆ ಕೂತು ತೋರಿಸುವವರು ಬೇಕು.

ಕಾಲೇಜಿನವರು ಎರಡು ನೋಡಿಕೊಳ್ಳಿ. ಆನ್‌ಲೈನ್ ಪರೀಕ್ಷೆಗೆ ಬೀಗ ಹಾಕುವ ಬ್ರೌಸರ್‌ಗಳು ಲಿನಕ್ಸ್‌ಗೆ ಸಾಮಾನ್ಯವಾಗಿ ಬರುವುದಿಲ್ಲ, ಸೇಫ್ ಎಕ್ಸಾಮ್ ಬ್ರೌಸರ್ ಕೂಡ ವಿಂಡೋಸ್, ಆ್ಯಪಲ್ ಯಂತ್ರಗಳಿಗೆ ಮಾತ್ರ. ವರ್ಚುವಲ್ ಯಂತ್ರದೊಳಗೆ ಅವು ಓಡಲು ನಿರಾಕರಿಸುತ್ತವೆ. ಆಟೋಕ್ಯಾಡ್ ಬೇಕಾದ ಸಿವಿಲ್, ಮೆಕ್ಯಾನಿಕಲ್ ವಿದ್ಯಾರ್ಥಿಗಳು ವಿಂಡೋಸಿನಲ್ಲೇ ಇರಿ. ಕಂಪ್ಯೂಟರ್ ಸೈನ್ಸ್‌ನವರಿಗೆ ತದ್ವಿರುದ್ಧ, ಅವರು ಬಂದಷ್ಟೂ ಒಳ್ಳೆಯದು.

ಆಟ ಆಡುವವರು: ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ನಡೆಸುವ ಸ್ಟೀಮ್‌ನ ಪ್ರೋಟಾನ್ ಮೇಲೆ ಬಹಳಷ್ಟು ಓಡುತ್ತವೆ, ವ್ಯಾಲೊರಂಟ್ ಓಡುವುದಿಲ್ಲ.

ಬೂಟ್_ಮೆನು

ಪ್ರಿಂಟರಿಗೆ ಬರುತ್ತೇನೆ, ಮೂಲ ಪ್ರಶ್ನೆಯಲ್ಲಿ ನಿಜವಾದ ಮುಳ್ಳು ಅದೇ.

ಎಲ್‌ಬಿಪಿ 2900 ಕ್ಯಾನನ್‌ನ ಕ್ಯಾಪ್ಟ್ ಎಂಬ ಸ್ವಂತ ಭಾಷೆ ಮಾತಾಡುತ್ತದೆ. ಮಿಂಟ್ ಅದನ್ನು ಯುಎಸ್‌ಬಿಯಲ್ಲಿ ಗುರುತಿಸುತ್ತದೆ, ಡ್ರೈವರ್ ಕೊಡುವುದಿಲ್ಲ. ಕ್ಯಾನನ್‌ನ ಲಿನಕ್ಸ್ ಡ್ರೈವರ್ ಹಳೆಯದು, 32 ಬಿಟ್ ಲೈಬ್ರರಿಗಳನ್ನು ಕೇಳುತ್ತದೆ. ಸಿಸಿಪಿಡಿ ಎಂಬ ಸೇವೆ ಹಿನ್ನೆಲೆಯಲ್ಲಿ ಓಡುತ್ತಿರಬೇಕು, ಪ್ರಿಂಟರ್ ಆಫ್ ಮಾಡಿ ಮತ್ತೆ ಆನ್ ಮಾಡಿದಾಗ ಆ ಸೇವೆ ಸಿಕ್ಕಿಹಾಕಿಕೊಳ್ಳುವುದು ಸಾಮಾನ್ಯ. ಸಮುದಾಯದವರು ಬರೆದ ಕ್ಯಾಪ್ಟ್‌ಡ್ರೈವರ್ ಇದೆ, ಅದನ್ನು ಮೂಲ ಸಂಕೇತದಿಂದ ಕಟ್ಟಿಕೊಳ್ಳಬೇಕು. ಟರ್ಮಿನಲ್ (ಆದೇಶ ಟೈಪಿಸುವ ಪರದೆ) ಮುಟ್ಟದ ಮನೆಗೆ ಎರಡೂ ದಾರಿಯನ್ನು ನಾನು ಹೇಳುವುದಿಲ್ಲ. ದಿನವೂ ಪ್ರಿಂಟ್ ಬೇಕಾದವರು ಪ್ರಿಂಟರ್ ಬದಲಿಸುವವರೆಗೆ ವಿಂಡೋಸ್ ಬಿಡಬೇಡಿ.

ಎಚ್‌ಪಿ ಲೇಸರ್‌ಜೆಟ್ 1020 ಇದ್ದವರ ಕಥೆ ಬೇರೆ. ಅದರ ಫರ್ಮ್‌ವೇರ್ (ಒಳ ತಂತ್ರಾಂಶ) ಪ್ರಿಂಟರಿನಲ್ಲಿ ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರ್ ಕಳಿಸಬೇಕು. ಎಚ್‌ಪಿ ಪ್ರಿಂಟರುಗಳ ಲಿನಕ್ಸ್ ಡ್ರೈವರ್ ಆದ ಎಚ್‌ಪ್ಲಿಪ್ (HPLIP) ಹಾಕಿ, ಅದರ ಪ್ಲಗಿನ್ ಇಂಟರ್ನೆಟ್‌ನಿಂದ ಇಳಿಸಿಕೊಂಡರೆ ಕೆಲಸ ಆಗುತ್ತದೆ. ಎಚ್‌ಪ್ಲಿಪ್ ಆವೃತ್ತಿ ಬದಲಾದರೆ ಪ್ಲಗಿನ್ನೂ ಅದೇ ಆವೃತ್ತಿಯದು ಬೇಕು. ದೊಡ್ಡ ಅಪ್‌ಡೇಟ್ ನಂತರ 1020 ಮೌನವಾದರೆ ಮೊದಲು ಇದನ್ನು ನೋಡಿ.

ಹೊಸದು ಕೊಳ್ಳುವವರಿಗೆ ಒಂದೇ ಸೂತ್ರ: ವಿವರಪಟ್ಟಿಯಲ್ಲಿ ಏರ್‌ಪ್ರಿಂಟ್ ಎಂದಿದ್ದರೆ ಡ್ರೈವರ್ ಇಲ್ಲದೆಯೇ ಲಿನಕ್ಸ್‌ನಲ್ಲಿ ನಡೆಯುತ್ತದೆ.

ಲೆಕ್ಕಪತ್ರ

ವಿಂಡೋಸಿನಲ್ಲೇ ಉಳಿಯುವವರ ಬಗ್ಗೆಯೂ ಹೇಳಬೇಕಲ್ಲ. ವಿಂಡೋಸ್ 10ರ 22ಎಚ್2 ಆವೃತ್ತಿಗೆ ಮೈಕ್ರೋಸಾಫ್ಟ್ 2026ರ ಅಕ್ಟೋಬರ್ 13ರವರೆಗೆ ವಿಸ್ತರಿತ ಭದ್ರತಾ ಅಪ್‌ಡೇಟ್ ಕೊಡುತ್ತದೆ. ಮೈಕ್ರೋಸಾಫ್ಟ್ ಖಾತೆಯಲ್ಲಿ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಹಣ ಕೊಡಬೇಕಿಲ್ಲ. ಅದು ಪರಿಹಾರ ಅಲ್ಲ, ಕಡತ ಪರಿವರ್ತಿಸಿಕೊಳ್ಳಲು ಸಿಗುವ ಸಮಯ.

ಅನುಸ್ಥಾಪನೆಯ ಪೆನ್‌ಡ್ರೈವ್ ಸಿದ್ಧಪಡಿಸುವ ರೂಫಸ್ ಬಳಸಿ ಅರ್ಹತೆ ಇಲ್ಲದ ಯಂತ್ರಕ್ಕೆ ವಿಂಡೋಸ್ 11 ಹಾಕಿಕೊಡುವ ಅಂಗಡಿಗಳಿವೆ. ತಿಂಗಳ ಅಪ್‌ಡೇಟ್ ಬರುತ್ತಿರಬಹುದು, ಮೈಕ್ರೋಸಾಫ್ಟ್ ಅದರ ಖಾತ್ರಿ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಯನ್ನು ಕೈಯಾರೆ ಹಾಕಬೇಕಾಗುತ್ತದೆ.

ಬೂಟ್_ಮೆನು

ಹಾಗಾದರೆ ಕ್ರಮ ಹೇಳಿಬಿಡುತ್ತೇನೆ.

ಮಿಂಟ್‌ನ ಅನುಸ್ಥಾಪನಾ ಕಡತ (ಐಎಸ್‌ಒ) 3 ಜಿಬಿ ಆಸುಪಾಸು, 8 ಜಿಬಿ ಪೆನ್‌ಡ್ರೈವ್ ಸಾಕು. ಇಳಿಸಿದ ಮೇಲೆ ಕಡತ ಪೂರ್ತಿ ಬಂದಿದೆಯೇ ತಿಳಿಯಲು ಎಸ್‌ಎಚ್‌ಎ256 ಮೊತ್ತ ತಾಳೆ ನೋಡಿ. ಅರ್ಧ ಇಳಿದ ಕಡತದಿಂದ ಅನುಸ್ಥಾಪನೆ ಮಧ್ಯದಲ್ಲಿ ನಿಲ್ಲುತ್ತದೆ, ಜನ ಡಿಸ್ಕ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ರೂಫಸ್ ಅಥವಾ ಬಲೆನಾ ಎಚರ್‌ನಿಂದ ಪೆನ್‌ಡ್ರೈವಿಗೆ ಬರೆಯಿರಿ. ಪೆನ್‌ಡ್ರೈವಿನಿಂದ ಯಂತ್ರ ಏಳಿಸಲು ಬೇಕಾದ ಬೂಟ್ ಮೆನುವಿನ ಕೀಲಿ ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪಿನಲ್ಲಿ ಎಸ್ಕೇಪ್. ಏಸರ್‌ನಲ್ಲಿ ಎಫ್12 ಕೆಲಸ ಮಾಡಲು ಮೊದಲು ಬಯಾಸ್‌ನಲ್ಲಿ ಅದನ್ನು ಆನ್ ಮಾಡಬೇಕು.

ಏನೂ ಅನುಸ್ಥಾಪಿಸದೆ ಪೆನ್‌ಡ್ರೈವಿನಿಂದಲೇ ಒಂದು ಗಂಟೆ ಬಳಸಿ. ವೈಫೈ, ಹೆಡ್‌ಫೋನ್, ಮೈಕ್, ಕ್ಯಾಮೆರಾ, ಟಚ್‌ಪ್ಯಾಡಿನಲ್ಲಿ ಎರಡು ಬೆರಳ ಸರಿಸುವಿಕೆ, ಬೆಳಕಿನ ಕೀಲಿಗಳು, ಮುಚ್ಚಳ ಮುಚ್ಚಿ ತೆರೆದಾಗ ಏಳುತ್ತದೆಯೇ, ಪ್ರಿಂಟರ್. ಬೆರಳ ಗುರುತಿನ ಲಾಗಿನ್ ಹೆಚ್ಚಿನ ಯಂತ್ರಗಳಲ್ಲಿ ನಡೆಯುವುದಿಲ್ಲ. ವೈಫೈ ಕಾಣದಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ನೆಟ್ ಬಂದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆಯಿರಿ. ಬ್ರಾಡ್‌ಕಾಮ್ ಚಿಪ್‌ಗಳಿಗೆ ಇದು ಬೇಕಾಗುತ್ತದೆ.

ಡಿಸ್ಕ್ ಬದಲಿಸದೆ ಎರಡೂ ವ್ಯವಸ್ಥೆ ಇಡುವವರು ವಿಂಡೋಸಿನಲ್ಲಿ ಇಷ್ಟು ಮಾಡಿಕೊಳ್ಳಿ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಇದೆಯೇ ನೋಡಿ, 48 ಅಂಕಿಯ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಸೆಕ್ಯೂರ್ ಬೂಟ್ (ಸಹಿ ಇರುವ ವ್ಯವಸ್ಥೆಗಳನ್ನಷ್ಟೇ ಏಳಲು ಬಿಡುವ ಭದ್ರತೆ) ಸೆಟ್ಟಿಂಗ್ ಮುಟ್ಟಿದರೆ ವಿಂಡೋಸ್ ಅದನ್ನೇ ಕೇಳುತ್ತದೆ, ಇಲ್ಲದಿದ್ದರೆ ಡಿಸ್ಕ್ ತೆರೆಯುವುದೇ ಇಲ್ಲ. ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ತೆಗೆಯಿರಿ. ಅದು ಇದ್ದರೆ ವಿಂಡೋಸ್ ಪೂರ್ತಿ ಆರುವುದಿಲ್ಲ, ಲಿನಕ್ಸ್‌ನಲ್ಲಿ ಆ ಡ್ರೈವ್ ಓದಲು ಮಾತ್ರ ಸಿಗುತ್ತದೆ. ಜಾಗವನ್ನು ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟಿನಿಂದಲೇ ಕುಗ್ಗಿಸಿ, ಲಿನಕ್ಸ್‌ಗೆ 60 ಜಿಬಿ ಬಿಡಿ.

ಎರಡೂ ಇರುವ ಯಂತ್ರದಲ್ಲಿ ಗಡಿಯಾರ ತಪ್ಪುವುದು ಖಚಿತ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನು ಸ್ಥಳೀಯ ಸಮಯ ಎಂದು ಓದುತ್ತದೆ. ನಮ್ಮಲ್ಲಿ ವ್ಯತ್ಯಾಸ ಐದೂವರೆ ಗಂಟೆ: ಬೆಳಿಗ್ಗೆ 10ಕ್ಕೆ ವಿಂಡೋಸ್ 4.30 ತೋರಿಸುತ್ತದೆ. ಲಿನಕ್ಸ್‌ನ ಟರ್ಮಿನಲ್‌ನಲ್ಲಿ ಟೈಮ್‌ಡೇಟ್‌ಸಿಟಿಎಲ್ ಆದೇಶದಿಂದ ಲೋಕಲ್ ಆರ್‌ಟಿಸಿ ಆಯ್ಕೆಯನ್ನು 1 ಮಾಡಿದರೆ (timedatectl set-local-rtc 1) ಸರಿ.

ಕೀಲಿಮಣೆ

ಬೂಟ್_ಮೆನು ಅವರ ಮಾತಿಗೆ ಒಂದು ಸೇರ್ಪಡೆ. ಎರಡು ಬೇರೆ ಡಿಸ್ಕ್ ಒಟ್ಟಿಗೆ ಇಟ್ಟರೆ ವಿಂಡೋಸ್ ಅಪ್‌ಡೇಟಿನಿಂದ ಪೂರ್ತಿ ರಕ್ಷಣೆ ಎಂದು ಯಾರೂ ತಿಳಿಯಬಾರದು. 2024ರ ಆಗಸ್ಟಿನ ವಿಂಡೋಸ್ ಅಪ್‌ಡೇಟ್ ಹಳೆಯ ಬೂಟ್‌ಲೋಡರ್‌ಗಳನ್ನು (ವ್ಯವಸ್ಥೆಯನ್ನು ಏಳಿಸುವ ತಂತ್ರಾಂಶಗಳನ್ನು) ತಡೆಯುವ ಎಸ್‌ಬ್ಯಾಟ್ ಪಟ್ಟಿಯನ್ನು ಹೊಸದು ಮಾಡಿತು, ಬಹಳ ಮಂದಿಯ ಲಿನಕ್ಸ್ ಏಳಲಿಲ್ಲ. ಆ ಪಟ್ಟಿ ಕೂರುವುದು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲಿ, ಡಿಸ್ಕಿನಲ್ಲಿ ಅಲ್ಲ. ಅಂಥದ್ದು ಬಂದರೆ ಸೆಕ್ಯೂರ್ ಬೂಟ್ ತಾತ್ಕಾಲಿಕವಾಗಿ ಆಫ್ ಮಾಡಿ, ಲಿನಕ್ಸ್‌ಗೆ ಹೋಗಿ ಎಲ್ಲ ಅಪ್‌ಡೇಟ್ ಹಾಕಿ, ಮತ್ತೆ ಆನ್ ಮಾಡಿ.

ಎನ್‌ವಿಡಿಯಾ ಗ್ರಾಫಿಕ್ಸ್ ಚಿಪ್ ಇದ್ದವರಿಗೂ ಸೆಕ್ಯೂರ್ ಬೂಟಿನ ಹೆಜ್ಜೆ ಒಂದಿದೆ. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ, ರೀಸ್ಟಾರ್ಟ್ ಆದಾಗ ನೀಲಿ ಪರದೆಯಲ್ಲಿ ಎನ್‌ರೋಲ್ ಎಂಒಕೆ ಆರಿಸಿ ಅದನ್ನೇ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡ್ ಇರುತ್ತದೆ. ತಪ್ಪಿಸಿಕೊಂಡರೆ ಡ್ರೈವರ್ ಹಾಕಿದ್ದರೂ ಲೋಡ್ ಆಗುವುದಿಲ್ಲ.

ಅನುಸ್ಥಾಪನೆ ಮುಗಿದ ದಿನವೇ ವ್ಯವಸ್ಥೆಯ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್ ಆನ್ ಮಾಡಿ, ದಿನದ್ದು ಎರಡು, ವಾರದ್ದು ಎರಡು ಪ್ರತಿ ಸಾಕು. ಅದು ವ್ಯವಸ್ಥೆಯನ್ನು ಮಾತ್ರ ಹಿಂದಕ್ಕೆ ತರುತ್ತದೆ. ಫೋಟೋ, ಪತ್ರಗಳಿಗೆ ಬೇರೆ ಬ್ಯಾಕಪ್ ಬೇಕು.

ಹಳೇಯಂತ್ರ

ಉಪಯುಕ್ತ. ಒಂದು ಕೊನೆಯ ಸಂದೇಹ: ಐಬಸ್ ಕೆಜಿಪಿಯಲ್ಲಿ "ರ‍್ಯಾಂಕ್", "ರ‍್ಯಾಲಿ" ಬರೆಯಲು ಹೋದರೆ "ರ್ಯಾಂಕ್" ಎಂದು ಅರ್ಕಾವತ್ತು ಬರುತ್ತದೆ. ರ ಪೂರ್ತಿ ನಿಂತು ಕೆಳಗೆ ಯ ಒತ್ತು ಬರಬೇಕಾದರೆ?

ಕೀಲಿಮಣೆ

ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಜೋಡಕ, ಯುನಿಕೋಡ್ 200ಡಿ, ಬರಬೇಕು. ಆರ್ ಒತ್ತಿ ರ ತನ್ನಿ. ಕಂಟ್ರೋಲ್, ಶಿಫ್ಟ್, ಯು ಮೂರನ್ನೂ ಒಟ್ಟಿಗೆ ಒತ್ತಿ ಬಿಟ್ಟು 200ಡಿ ಎಂದು ಟೈಪಿಸಿ ಎಂಟರ್ ಕೊಡಿ. ನಂತರ ಎಫ್, ಆಮೇಲೆ ವೈ. ಈ ಸಂಕೇತ ಬರೆಯುವಾಗ ಕೀಲಿಮಣೆ ಇಂಗ್ಲಿಷಿನಲ್ಲಿರಬೇಕು, ಇಲ್ಲವಾದರೆ ಡಿ ಬದಲು ದ ಬೀಳುತ್ತದೆ. ಪದೇ ಪದೇ ಬೇಕಾದವರು ಲಿಬ್ರೆಆಫೀಸಿನ ಆಟೋಕರೆಕ್ಟ್ ಪಟ್ಟಿಯಲ್ಲಿ "ರ್ಯಾಂಕ್" ಎದುರು "ರ‍್ಯಾಂಕ್" ಸೇರಿಸಿಟ್ಟರೆ ಪ್ರತಿ ಸಲ ಸಂಕೇತ ಹೊಡೆಯಬೇಕಿಲ್ಲ. ಜೋಡಕವನ್ನು ಹಲಂತದ ನಂತರ ಹಾಕಬೇಡಿ, ಕ್ರಮ ತಪ್ಪಿದರೆ ಬೇಕಾದ ರೂಪ ಬರುವುದಿಲ್ಲ.